ಚಂದ್ರಕಲಾ ಬಿಚ್ಚಿಟ್ಟ ಗಾಡಿ

ಲಕ್ಕೂರಿನ ಚಂದ್ರಕಲಾ ಮಾಲೂರಿನ ಹತ್ತಿರ ಪಂಪುಗಳನ್ನು ಜೋಡಿಸುವ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ದುಡಿದವಳು. ಅವಳು ಕೆಲಸ ಕಲಿಸಿದ ಗಂಡಸರೆಲ್ಲ ಒಬ್ಬೊಬ್ಬರಾಗಿ ಸೂಪರ್‌ವೈಸರ್ ಆದರು, ಅವಳು ಮಾತ್ರ ಜೋಡಣೆಯ ಲೈನಿನಲ್ಲೇ ನಿಂತಿದ್ದಳು. ಒಂದು ದಿನ ಆಫೀಸಿಗೆ ಹೋಗಿ ಕಾರಣ ಕೇಳಿದಳು.

"ಹೆಂಗಸ್ರ ಕೈಕೆಳಗೆ ಗಂಡಸ್ರು ಕೆಲ್ಸ ಮಾಡಲ್ಲಮ್ಮ" ಎಂದರು ಮ್ಯಾನೇಜರ್.

"ಕಲಿಯೋವಾಗ ಮಾಡ್ತಿದ್ರಲ್ಲ ಸಾರ್" ಎಂದವಳು ಹಾಜರಿ ಕಾರ್ಡನ್ನು ಮೇಜಿನ ಮೇಲಿಟ್ಟು ಬಂದುಬಿಟ್ಟಳು. ಆಮೇಲೆ ಅತ್ತ ತಲೆ ಹಾಕಲಿಲ್ಲ.

ಮನೆಯಲ್ಲಿ ಒಂದು ಹಳೆಯ ಡೀಸೆಲ್ ಕಾರು ಧೂಳು ಹಿಡಿದು ನಿಂತಿತ್ತು. ಗಂಡ ಮುನಿಕೃಷ್ಣನಿಗೆ ಬೈಕೇ ಸಾಕಾಗಿತ್ತು. ಚಂದ್ರಕಲಾ ಕಾರು ಓಡಿಸಲು ಕಲಿತಳು. ಹಿಂದಿನ ಸೀಟು ಮಡಚಿ ತಮ್ಮ ಹೊಲದ ಬೀನ್ಸು, ಕೊತ್ತಂಬರಿ ತುಂಬಿಕೊಂಡು ಮಾಲೂರಿಗೆ ಹೋಗತೊಡಗಿದಳು. ಅಲ್ಲಿ ಕೆಲಸದ ರೈಲು ಹಿಡಿಯುವ ಪಕ್ಕದ ಮನೆಯ ಪವಿತ್ರ ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು.

ಈ ವರ್ಷ ಯುಗಾದಿ ಕಳೆದ ಮೇಲೆ ಕಾರು ನಿಂತಲ್ಲೆಲ್ಲ ಹಸಿರು ನೀರು ತೊಟ್ಟಿಕ್ಕತೊಡಗಿತು. ಮಾಲೂರಿನ ಮೆಕ್ಯಾನಿಕ್ ಸೊಣ್ಣಪ್ಪ ಬಗ್ಗಿ ನೋಡಿದ.

"ವಾಟರ್ ಪಂಪ್ ಹೋಗೈತೆ. ಅದನ್ನ ತಿರುಗ್ಸೋದೇ ಟೈಮಿಂಗ್ ಬೆಲ್ಟು. ನೀರು ಬಿದ್ದೂ ಬಿದ್ದೂ ಬೆಲ್ಟೂ ಕೆಟ್ಟಿರ್ತದೆ. ಓಡ್ತಾ ಇರೋವಾಗ ಅದು ಕಿತ್ಕೊಂಡ್ರೆ ಇಂಜಿನ್ನೇ ಮುಗೀತು."

"ಎರಡೂ ಹೊಸದು ಹಾಕ್ಕೊಡಣ್ಣ."

"ಈ ಮುದಿ ಗಾಡಿಗೆ ಯಾಕಮ್ಮ? ಗುಜರಿಗೆ ಕೊಡಿ. ಮುನಿಕೃಷ್ಣನ್ನ ಕಳ್ಸಿ, ಮಾತಾಡ್ತೀನಿ."

"ಮಾತಾಡಕ್ಕೆ ನಾನೇ ಬಂದಿದೀನಲ್ಲ."

ಸೊಣ್ಣಪ್ಪ ಆಗಲೇ ಇನ್ನೊಂದು ಗಾಡಿಯ ಕಡೆ ಹೊರಟಿದ್ದ. ಅವಳು ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ, ನೀರು ಹುಯ್ದು ಊರು ಸೇರಿದಳು. ಅಷ್ಟರಲ್ಲಿ ಗಂಡನಿಗೆ ಸೊಣ್ಣಪ್ಪನ ಫೋನ್ ಬಂದಾಗಿತ್ತು.

"ಭಾನುವಾರ ಗುಜರಿಯೋರು ಬರ್ತಾರೆ" ಎಂದ ಮುನಿಕೃಷ್ಣ.

"ನನ್ನ ಕೇಳಿದ್ರಾ?"

"ಇದ್ರಲ್ಲಿ ಕೇಳೋದೇನೈತೆ?"

ಮರುದಿನ ಚಂದ್ರಕಲಾ ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ ಪಂಪು, ಬೆಲ್ಟು, ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರ್, ಎಲ್ಲವನ್ನೂ ತಂದಳು. ಶನಿವಾರ ಗಂಡ ನೆಂಟರ ಮನೆಯ ತಿಥಿಗೆಂದು ಹೊರಟದ್ದೇ ತಡ, ಕಾರನ್ನು ಜಾಕಿ ಮೇಲೆ ಎತ್ತಿ, ಕಲ್ಲು ಕೊಟ್ಟು, ಮುಂದಿನ ಬಲಗಡೆಯ ಚಕ್ರ ಬಿಚ್ಚಿದಳು. ಅತ್ತೆ ಆಂಜಿನಮ್ಮ ಮಣೆ ಹಾಕಿಕೊಂಡು ಪಕ್ಕದಲ್ಲೇ ಕೂತರು.

"ನಿಂಗೆ ಇದು ಬರ್ತದೇನೇ?"

"ಪಂಪು ಬರ್ತದೆ ಅತ್ತೆ. ಬೆಲ್ಟು ಈಗ ಕಲೀಬೇಕು."

"ಹಂಗಾದ್ರೆ ಕಲಿ" ಎಂದು ಆಂಜಿನಮ್ಮ ಬಿಚ್ಚಿದ ಬೋಲ್ಟುಗಳನ್ನು ಸೆರಗಿನಲ್ಲಿ ಒರೆಸಿ ಮೊರದಲ್ಲಿ ಜೋಡಿಸತೊಡಗಿದರು.

ಭಾನುವಾರ ಮುನಿಕೃಷ್ಣ ಗುಜರಿಯ ಕದಿರೇಶನ ಟೆಂಪೋದಲ್ಲೇ ಬಂದಿಳಿದ. ಅಂಗಳದಲ್ಲಿ ಕಾರು ಮೂರೇ ಚಕ್ರದಲ್ಲಿತ್ತು. ಇಂಜಿನ್ ಇನ್ನೊಂದು ಜಾಕಿಯ ಮೇಲೆ ಕೂತಿತ್ತು, ಅರ್ಧ ಸಾಮಾನು ಗೋಣಿಚೀಲದ ಮೇಲೆ ಹರಡಿತ್ತು.

"ಏನೇ ಇದು?"

"ಪಂಪು ಬದಲಾಯಿಸ್ತಾ ಇದೀನಿ. ಗಾಡಿ ಮಾರಲ್ಲ."

"ಮಾತು ಕೊಟ್ಟಿದೀನಿ ಕಣೇ."

ಉತ್ತರ ಬಂದದ್ದು ಆಂಜಿನಮ್ಮನಿಂದ, ತೆಲುಗು ಬೆರೆಸಿ. "ಏಮಿರಾ, ಓಡ್ಸೋಳು ಅವ್ಳು, ಮಾತು ಕೊಡೋನು ನೀನಾ?"

ಕದಿರೇಶ ತಾಯಿ, ಮಗ ಇಬ್ಬರನ್ನೂ ಒಮ್ಮೆ ನೋಡಿ ಟೆಂಪೋ ತಿರುಗಿಸಿಕೊಂಡು ಹೋದ. ಮುನಿಕೃಷ್ಣ ಮುಖ ಗಂಟಿಕ್ಕಿಕೊಂಡು ಜಗಲಿಯ ಮೇಲೆ ಕೂತ.

ಪಂಪು ಹಾಕುವುದು ಅವಳಿಗೆ ಕಷ್ಟವಾಗಲಿಲ್ಲ. ನೀರು ಸೋರದಂತೆ ಪಂಪಿನಡಿ ಇಡುವ ಹಳೆಯ ಪ್ಯಾಕಿಂಗನ್ನು ನಯವಾಗಿ ಕೆರೆದು, ಹೊಸದನ್ನಿಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದಳು. ಬೆಲ್ಟು ಹಾಗಲ್ಲ. ಮೇಲಿನ ಪುಲ್ಲಿಯ, ಅಂದರೆ ಹಲ್ಲುಗಾಲಿಯ, ಗುರುತೂ ಕೆಳಗಿನದರ ಗುರುತೂ ತಂತಮ್ಮ ಜಾಗದಲ್ಲಿ ಕೂತಿರಬೇಕು. ಹಾಕಿದ ಮೇಲೆ ಸ್ಪ್ಯಾನರ್ ಹಿಡಿದು ಇಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಿದಳು. ಕೆಳಗಿನ ಗುರುತು ಸರಿಯಾಗಿತ್ತು. ಮೇಲಿನದು ಒಂದು ಹಲ್ಲು ಆಚೆ ಹೋಗಿತ್ತು.

"ಈಗ್ಲಾದ್ರೂ ಸೊಣ್ಣಪ್ಪನ್ನ ಕರೀಲಾ?" ಜಗಲಿಯಿಂದ ಗಂಡ ಕೇಳಿದ.

"ಬೇಡ."

ಒಂದು ಚೊಂಬು ನೀರು ಕುಡಿದು ಬೆಲ್ಟನ್ನು ಮತ್ತೆ ಬಿಚ್ಚಿದಳು. ಬೆಲ್ಟನ್ನು ಟೆನ್ಷನರ್ ಸುತ್ತ ತರುವಾಗ ಮೇಲಿನ ಪುಲ್ಲಿ ಜರುಗುತ್ತಿತ್ತು. ಅದಕ್ಕೆ ಇನ್ನೊಂದು ಕೈ ಬೇಕು. ಜಗಲಿಯ ಕಡೆ ತಿರುಗದೆ ಬೇಲಿಯಾಚೆಗೆ ಕೂಗಿದಳು. ಪವಿತ್ರ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಬಂದಳು.

"ಈ ಸ್ಪ್ಯಾನರ್ ಹಿಡ್ಕೊ. ಪ್ರಾಣ ಹೋದ್ರೂ ಅಲ್ಲಾಡ್ಬೇಡ."

"ಅಕ್ಕ, ಇನ್ನೂ ತಲೆ ಬಾಚಿಲ್ಲ" ಎಂದಳು ಪವಿತ್ರ. ಆದರೆ ಅಲ್ಲಾಡಲಿಲ್ಲ.

ಎರಡು ಸುತ್ತು ತಿರುಗಿಸಿದರೂ ಈ ಸಲ ಗುರುತುಗಳು ಕೂತಲ್ಲೇ ಕೂತವು. ಎಲ್ಲವನ್ನೂ ಮುಚ್ಚಿ, ಚಕ್ರ ಹಾಕಿ, ಹಸಿರು ಕೂಲೆಂಟ್ ತುಂಬಿ, ಪೈಪಿನಲ್ಲಿ ಸಿಕ್ಕ ಗಾಳಿ ಹೊರಬಿಟ್ಟು ಚಾವಿ ತಿರುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಇಂಜಿನ್ ಒಮ್ಮೆ ಕೆಮ್ಮಿ ಹೊಗೆ ಉಗುಳಿತು. ಆಮೇಲೆ ಒಂದೇ ಹದಕ್ಕೆ ಬಂತು. ಬಿಸಿಯಾಗುವವರೆಗೂ ಬಿಟ್ಟು ಅಡಿಯಲ್ಲಿ ರಟ್ಟು ಹಾಸಿ ನೋಡಿದಳು. ಒಂದು ತೊಟ್ಟೂ ಇರಲಿಲ್ಲ.

ಬುಧವಾರ ರಾತ್ರಿ ಊಟಕ್ಕೆ ಕೂತಾಗ ಮುನಿಕೃಷ್ಣ ಮಾತು ತೆಗೆದ.

"ಮುಂದಿನ ಸಲ ನಂಗೆ ಹೇಳಿ ಬಿಚ್ಚು."

"ನೀವೂ ನಂಗೆ ಹೇಳಿ ಮಾರಿ."

ಅವನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ. "ನಾಳೆ ಮುಳಬಾಗಿಲಿಗೆ ಅಕ್ಕನ ಮನೆಗೆ ಹೋಗ್ಬೇಕು. ಚಾವಿ ಕೊಡ್ತೀಯಾ?"

"ಓಡ್ಸೋಳು ನಾನೇ. ಬೇಕಿದ್ರೆ ಪಕ್ಕದಲ್ಲಿ ಕೂತ್ಕೊಳ್ಳಿ" ಎಂದಳು ಚಂದ್ರಕಲಾ.

ಬೆಳಿಗ್ಗೆ ಅವನು ಅಂಗಿಗೆ ಇಸ್ತ್ರಿ ಹಾಕಿಕೊಂಡು ಪಕ್ಕದ ಸೀಟಿನಲ್ಲಿ ಕೂತ.