ತಮ್ಮನ ಮೇಲಿಟ್ಟ ಅನುಮಾನ

ನಸೀಬಾ ಮಂಗಳೂರಿನ ಕುದ್ರೋಳಿಯ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬುರ್ಖಾ, ಚೂಡಿದಾರ, ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಗಂಡ ಅಬ್ದುಲ್ಲನಿಗೆ ಬಂದರಿನಲ್ಲಿ ದೋಣಿಗೆ ಬೇಕಾದ ಹಗ್ಗ, ಬಲೆಗಳ ಅಂಗಡಿ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮರ್ವಾಗೆ ಒಂಬತ್ತು, ಚಿಕ್ಕವಳು ರೈಹಾನಾಗೆ ನಾಲ್ಕು.

೨೦೧೦ರ ನವೆಂಬರ್‌ನ ಒಂದು ಬುಧವಾರ ಬೆಳಿಗ್ಗೆ ಎಂಟೂವರೆಗೆ ಮರ್ವಾಳ ಮದ್ರಸ ಬಿಟ್ಟಿತು. ಅಲ್ಲಿಂದ ಮನೆಗೆ ಐದು ನಿಮಿಷದ ದಾರಿ. ನಸೀಬಾ ಮಗಳ ಶಾಲೆಯ ಬುತ್ತಿಗೆ ಪತ್ತಿರ್ ಎಂಬ ಅಕ್ಕಿರೊಟ್ಟಿ ಸುಡುತ್ತಿದ್ದಳು. ಒಂಬತ್ತು ಗಂಟೆಗೆ ಒಲೆ ಆರಿಸಿ ಬಾಗಿಲಿಗೆ ಬಂದಳು. ಒಂಬತ್ತೂಕಾಲಿಗೆ ಓಣಿಯ ತುದಿಯವರೆಗೆ ನಡೆದಳು. ಹತ್ತು ಗಂಟೆಯ ಹೊತ್ತಿಗೆ ಓಣಿಯ ಗಂಡಸರೆಲ್ಲ ಹುಡುಕಲು ಹೊರಟಿದ್ದರು.

ಮಗು ಸಿಕ್ಕಿದ್ದು ಮರುದಿನ ಮಧ್ಯಾಹ್ನ, ನದಿಯ ಕಡೆಗೆ ಇದ್ದ ಪಾಳು ಗೋದಾಮಿನ ಹಿಂದಿನ ಕೋಣೆಯಲ್ಲಿ. ಕುತ್ತಿಗೆ ಹಿಸುಕಿ ಕೊಂದಿದ್ದರು. ಕೋಣೆಯ ಬಾಗಿಲ ಹೊರಗೆ ಅವಳ ಕೆಂಪು ಚಪ್ಪಲಿ ಜೋಡಿಸಿಟ್ಟಂತೆ ಇತ್ತು. ಯಾರದೋ ಮನೆಗೆ ಹೋದವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಹಾಗೆ.

ಆ ಚಪ್ಪಲಿಯೇ ಎಲ್ಲರ ಬಾಯಿ ಕಟ್ಟಿಹಾಕಿತು. ಮರ್ವಾ ಅಪರಿಚಿತರು ಮಾತಾಡಿಸಿದರೆ ಉಮ್ಮನ ಸೆರಗಿನ ಹಿಂದೆ ಅಡಗುವ ಹುಡುಗಿ. ಅವಳನ್ನು ಯಾರೂ ಎಳೆದುಕೊಂಡು ಹೋಗಿರಲಿಲ್ಲ. ಕರೆದವರ ಜೊತೆ ಅವಳಾಗಿಯೇ ನಡೆದುಹೋಗಿದ್ದಳು.

ಹಾಗೆ ಅವಳು ನಂಬಿ ಹೋಗುವವರು ಎಷ್ಟು ಜನ? ಪೊಲೀಸರು ಕೇಳಿದ್ದೂ ಅದನ್ನೇ. ನಸೀಬಾಳ ತಮ್ಮ ಉಬೈದ್‌ಗೆ ಆಗ ಇಪ್ಪತ್ತನಾಲ್ಕು. ಮೊಬೈಲ್ ಅಂಗಡಿಯಲ್ಲಿ ಕೆಲಸ. ಮರ್ವಾಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಕಡಲ ತೀರಕ್ಕೆ ಕರೆದೊಯ್ಯುತ್ತಿದ್ದವನು ಅವನೇ. ಅವನನ್ನು ಠಾಣೆಯಲ್ಲಿ ನಾಲ್ಕು ದಿನ ಕೂರಿಸಿಕೊಂಡರು. ಐದನೆಯ ದಿನ ಬಿಟ್ಟರು. ಮನೆಗೆ ಬಂದವನ ಮುಖ ನೋಡಿ ನಸೀಬಾ ನೀರು ಕೂಡ ಕೊಡದೆ ಕೇಳಿದಳು:

"ಬುಧವಾರ ಬೆಳಿಗ್ಗೆ ನೀನು ಎಲ್ಲಿದ್ದೆ?"

"ಪೊಲೀಸರಿಗೆ ಹೇಳಿದ್ದೇನೆ."

"ನನಗೆ ಹೇಳು."

ಅವನು ತಲೆ ತಗ್ಗಿಸಿದ. ಎಷ್ಟು ಹೊತ್ತು ಕಾದರೂ ಬಾಯಿ ಬಿಡಲಿಲ್ಲ. ಆ ಮೌನ ನಸೀಬಾಳ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತು. ಎರಡು ತಿಂಗಳಲ್ಲಿ ಉಬೈದ್ ಕೊಲ್ಲಿಯ ದಮ್ಮಾಮ್‌ಗೆ ಕೆಲಸಕ್ಕೆ ಹೋದ. ಅಲ್ಲಿಂದ ಫೋನ್ ಮಾಡಿದ, ಅವಳು ಎತ್ತಲಿಲ್ಲ. ಕೊನೆಗೆ ಮಾಡುವುದನ್ನು ಬಿಟ್ಟ. ಪೊಲೀಸರು ಓಣಿಯ ಪ್ರತಿಯೊಬ್ಬ ಗಂಡಸನ್ನೂ ಕೇಳಿದರು, ಮೂರು ವರ್ಷ ಓಡಾಡಿದರು. ಆಮೇಲೆ, ಸುಳಿವು ಸಿಗಲಿಲ್ಲ ಎಂಬ ವರದಿ ಕೋರ್ಟಿಗೆ ಹೋಯಿತು.

ಅಬ್ದುಲ್ಲ ಉಬೈದ್‌ನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಆದರೆ ಓಣಿಯ ಮಸೀದಿಗೆ ಹೋಗುವುದನ್ನು ನಿಲ್ಲಿಸಿ, ನಮಾಜಿಗೆ ಬಂದರಿನ ಮಸೀದಿಯವರೆಗೆ ನಡೆದುಹೋಗತೊಡಗಿದ. ನಸೀಬಾ ಯಾಕೆಂದು ಕೇಳಿದ್ದಕ್ಕೆ, "ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಬೇಕಲ್ಲ. ಪಕ್ಕದಲ್ಲಿ ನಿಂತವ ಯಾರು ಅಂತ ನನಗೆ ಗೊತ್ತಿಲ್ಲ" ಎಂದಿದ್ದ. ಗಂಡನಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡಳು ಅವಳು. ಕೊಂದವನು ಯಾರೆಂದು ಅವಳಿಗೆ ಗೊತ್ತಿತ್ತಲ್ಲ. ಆ ಕೈ ಸಮುದ್ರದ ಆಚೆ ಇತ್ತು. ಹಾಗಾಗಿ ಅವಳು ಅದೇ ಓಣಿಯಲ್ಲಿ ಉಸಿರಾಡಬಲ್ಲವಳಾಗಿದ್ದಳು. ನೆರೆಯವರ ಮದುವೆಗಳಿಗೆ ಹೋಗುತ್ತಿದ್ದಳು, ಅವರ ಹೆಣ್ಣುಮಕ್ಕಳ ಅಳತೆ ತೆಗೆಯುತ್ತಿದ್ದಳು, ಅವರು ಕೊಟ್ಟ ಬಿರಿಯಾನಿ ತಿನ್ನುತ್ತಿದ್ದಳು. ರೈಹಾನಾಳನ್ನು ಮಾತ್ರ ಬಸ್ಸಿನವರೆಗೆ ಒಂಟಿಯಾಗಿ ಕಳಿಸಲಿಲ್ಲ. ಶಾಲೆ ಮುಗಿದು ಪಿಯುಸಿ ಆಯಿತು, ಅತ್ತಾವರದಲ್ಲಿ ನರ್ಸಿಂಗ್‌ಗೆ ಸೇರಿದ್ದೂ ಆಯಿತು. ಬೆಳಿಗ್ಗೆ ಉಮ್ಮ, ಸಂಜೆ ಉಪ್ಪ ಜೊತೆಗೇ.

ಹದಿನಾಲ್ಕು ವರ್ಷ ಹೀಗೆ ನಡೆಯಿತು. ಕಳೆದ ವರ್ಷ ಏಪ್ರಿಲ್‌ನ ಒಂದು ಮಧ್ಯಾಹ್ನ ಶೀನಪ್ಪ ಬಂದರು. ಮರ್ವಾಳ ಕೇಸಿನಲ್ಲಿ ಓಡಾಡಿದ್ದ ಹೆಡ್ ಕಾನ್‌ಸ್ಟೆಬಲ್. ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಮಗಳು ನಿರೀಕ್ಷಾಳ ಮದುವೆಯ ಕಾಗದ ಕೊಡಲು ಬಂದಿದ್ದರು.

"ಎಲ್ಲರೂ ಬರ್ಬೇಕು ನಸೀಬಕ್ಕ. ನಿಮ್ಮ ತಮ್ಮ ಊರಲ್ಲಿದ್ರೆ ಅವನನ್ನೂ ಕರ್ಕೊಂಡು ಬನ್ನಿ."

"ಅವನ ಹೆಸರು ಈ ಮನೆಯಲ್ಲಿ ತೆಗೆಯುವುದಿಲ್ಲ ಶೀನಪ್ಪಣ್ಣ."

"ಯಾಕೆ? ಎಂತ ಆಯ್ತು?"

"ನಿಮಗೆ ಗೊತ್ತಿಲ್ವಾ ಎಂತ ಆಯ್ತು ಅಂತ?"

ಶೀನಪ್ಪ ಅವಳ ಮುಖವನ್ನೇ ನೋಡಿದರು. ಅರ್ಥವಾಗುತ್ತಿದ್ದಂತೆ ಚಹಾದ ಲೋಟ ಕೆಳಗಿಟ್ಟರು.

"ಅಯ್ಯೋ ದೇವರೇ. ಅವನು ನಿಮಗೆ ಹೇಳಲೇ ಇಲ್ವಾ? ಅವನು ಆ ಬೆಳಿಗ್ಗೆ ಆಸ್ಪತ್ರೆಯಲ್ಲಿದ್ದ ಅಕ್ಕ. ಎಂಟರಿಂದ ಹನ್ನೊಂದರವರೆಗೆ. ರಕ್ತ ಕೊಟ್ಟ ರಿಜಿಸ್ಟರಿನಲ್ಲಿ ಅವನ ಸಹಿ ಉಂಟು. ಕ್ಯಾಮೆರಾದಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ."

"ಯಾರಿಗೆ ರಕ್ತ?"

"ಡ್ಯಾಫ್ನಿ ಅಂತ ಒಂದು ಕ್ರಿಶ್ಚಿಯನ್ ಹುಡುಗಿ. ಅವಳ ತಾಯಿಗೆ ಆಪರೇಷನ್. ಇವರಿಬ್ಬರಿಗೂ ಇಷ್ಟ ಇತ್ತು. ಆಗಿನ ಮಂಗಳೂರು ನಿಮಗೆ ಗೊತ್ತುಂಟಲ್ಲ, ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಒಟ್ಟಿಗೆ ಕೂತ್ರೆ ಬಸ್ಸಿನಿಂದ ಇಳಿಸಿ ಹೊಡೀತಿದ್ರು. ಅವಳ ಹೆಸರು ಹೊರಗೆ ಬರ್ಬಾರ್ದು ಅಂತ ಅವನು ನಮ್ಮ ಕಾಲು ಹಿಡಿದಿದ್ದ. ಅದನ್ನು ಬಾಯಿ ಬಿಡಿಸ್ಲಿಕ್ಕೇ ನಮಗೆ ನಾಲ್ಕು ದಿನ ಬೇಕಾಯ್ತು. ಈಗ ಅವಳು ಮದುವೆಯಾಗಿ ಕೆನಡಾದಲ್ಲಿದ್ದಾಳೆ." ಸ್ವಲ್ಪ ತಡೆದು, "ನಾವು ಬಿಟ್ಟು ಕಳಿಸಿದ ಮೇಲೆ ಮನೆಯವರೂ ಅನುಮಾನ ಬಿಟ್ಟಿರ್ಬಹುದು ಅಂತ ಇದ್ದೆ" ಎಂದರು.

ನಸೀಬಾಳ ಬಾಯಿಂದ ಬಂದದ್ದು ಒಂದೇ ಮಾತು: "ಹಾಗಾದರೆ ಯಾರು?"

ತೆರೆದ ಬಾಗಿಲಿನಾಚೆ ಓಣಿಯಲ್ಲಿ ಯಾರೋ ನಗುತ್ತಾ ಹಾದುಹೋದರು. ಶೀನಪ್ಪ ಎದ್ದು ಹೋಗಿ ಬಾಗಿಲನ್ನು ಅರ್ಧ ಸರಿಸಿ ಬಂದು, ದನಿ ತಗ್ಗಿಸಿ ಹೇಳಿದರು: "ಹೊರಗಿನವರು ಅಂತ ನನಗೆ ಆಗಲೂ ಅನಿಸಿರಲಿಲ್ಲ. ಈಗಲೂ ಅನಿಸುವುದಿಲ್ಲ."

ಅವರು ಹೋದ ಮೇಲೆ ನಸೀಬಾ ಯಂತ್ರದ ಮುಂದೆ ಕೂತಳು. ಪಕ್ಕದಲ್ಲಿ ಓಣಿಯ ಏಳು ಮನೆಗಳ ಬಟ್ಟೆ ಕತ್ತರಿಸಿ ಇಟ್ಟಿತ್ತು. ಪ್ರತಿ ಮನೆಯಲ್ಲೂ ಗಂಡಸರಿದ್ದರು. ಹದಿನಾಲ್ಕು ವರ್ಷದಿಂದ ಅವರಲ್ಲಿ ಒಬ್ಬನು ಅವಳಿಗೆ ಸಲಾಂ ಹೇಳುತ್ತಿರಬಹುದು. ಮರ್ವಾಳ ಮಯ್ಯತ್ತನ್ನು ಹೆಗಲ ಮೇಲೆ ಹೊತ್ತವರಲ್ಲೂ ಅವನಿದ್ದಿರಬಹುದು. ಗಂಡ ಯಾಕೆ ದೂರದ ಮಸೀದಿಗೆ ಹೋಗುತ್ತಾನೆಂದು ಅವಳಿಗೆ ಆವತ್ತು ತಿಳಿಯಿತು. ಅವಳು ಏಳೂ ಮನೆಗಳ ಬಟ್ಟೆಯನ್ನು ಮಡಚಿ, ಮೈಗೆ ಹುಷಾರಿಲ್ಲ ಎಂದು ರೈಹಾನಾಳ ಕೈಯಲ್ಲಿ ಹಿಂದಕ್ಕೆ ಕಳಿಸಲೆಂದು ಎದ್ದಳು. ಆದರೆ ಮಗಳನ್ನು ಆ ಬಾಗಿಲುಗಳಿಗೆ ಹೇಗೆ ಕಳಿಸುವುದು? ಬಟ್ಟೆಗಳು ಅಲ್ಲೇ ಉಳಿದವು.

ಉಬೈದ್‌ಗೆ ಫೋನ್ ಮಾಡಲು ಅವಳಿಗೆ ಒಂಬತ್ತು ದಿನ ಹಿಡಿಯಿತು. ಅವನು ಎತ್ತಿದ. ಇಬ್ಬರೂ ಅಳಲಿಲ್ಲ.

"ಯಾಕೆ ಹೇಳಲಿಲ್ಲ?"

"ಆವತ್ತು ಹೇಳುವ ಹಾಗಿರಲಿಲ್ಲ. ಮತ್ತೆ ಹೇಳುವ ಅಂತ ಇದ್ದೆ. ನೀನು ಫೋನ್ ತೆಗೆಯಲಿಲ್ಲ."

"ಬಾ" ಎಂದಳು.

ಅವನು ಬಂದದ್ದು ಜೂನ್‌ನಲ್ಲಿ. ಮೂವತ್ತೆಂಟಕ್ಕೇ ತಲೆ ಅರ್ಧ ಬೆಳ್ಳಗಾಗಿತ್ತು, ಮದುವೆಯಾಗಿರಲಿಲ್ಲ. ಬಾಗಿಲಲ್ಲಿ ನಿಂತವನನ್ನು ಅಬ್ದುಲ್ಲ ಕೈ ಹಿಡಿದು ಒಳಗೆ ಕರೆತಂದ. ನಸೀಬಾ ಬಡಿಸಿದಳು, ಅವನು ತಿಂದ. ತಟ್ಟೆ ತೆಗೆಯುವಾಗ ಅವಳು "ನನ್ನನ್ನು ಮಾಫ್ ಮಾಡು" ಎಂದಳು. ಅವನು, "ನಾನೂ ನಿನ್ನ ಜಾಗದಲ್ಲಿದ್ದಿದ್ರೆ ಹಾಗೇ ಮಾಡ್ತಿದ್ದೆನೋ ಏನೋ" ಎಂದು ಕೈ ತೊಳೆಯಲು ಎದ್ದ. ಮಾಫ್ ಮಾಡಿದೆ ಎಂದಾಗಲಿ, ಮಾಡುವುದಿಲ್ಲ ಎಂದಾಗಲಿ ಹೇಳಲಿಲ್ಲ.

ಸಂಜೆ ಓಣಿಯವರು ಬಂದರು. ನಸೀಬಾ ಚಹಾದ ತಟ್ಟೆ ಹಿಡಿದು ಹೊರಗೆ ಬಂದಾಗ, ಎರಡು ಮನೆ ಆಚೆಯ ಒಣಮೀನು ವ್ಯಾಪಾರಿ ಶಿಹಾಬ್ ಉಬೈದ್‌ನನ್ನು ತಬ್ಬಿಕೊಂಡಿದ್ದ. ಅರವತ್ತು ದಾಟಿದ ಮನುಷ್ಯ, ಎಲ್ಲರ ಕಷ್ಟಕ್ಕೂ ಮೊದಲು ಬರುವವನು.

"ನೀನಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು ಮಾರಾಯ" ಎಂದು ಬೆನ್ನು ತಟ್ಟುತ್ತಿದ್ದ.

ನಸೀಬಾ ಅಲ್ಲೇ ನಿಂತು ಕೇಳಿದಳು: "ಹೇಗೆ ಗೊತ್ತಿತ್ತು?"

ಅವನು ತಿರುಗಿದ. "ಹಾಗೆ ಗೊತ್ತಾಗ್ತದಲ್ಲ. ನಮ್ಮ ಹುಡುಗ ಅಲ್ವಾ" ಎಂದು ಶಿಹಾಬ್ ನಕ್ಕ. ಲೋಟ ತೆಗೆದುಕೊಂಡು ಕೂತ. ಬಾಗಿಲ ಬಳಿ ನಿಂತಿದ್ದ ರೈಹಾನಾಳನ್ನು ನೋಡಿ, "ದೊಡ್ಡವಳಾದಳಲ್ಲ ಇವಳು. ಅತ್ತಾವರಕ್ಕೆ ಎಷ್ಟು ಗಂಟೆಯ ಬಸ್ಸು ಮಗಾ?" ಎಂದು ಕೇಳಿದ.

ಯಾರೂ ಕೇಳಬಹುದಾದ ಮಾತು. ರೈಹಾನಾ ಉತ್ತರಿಸಲು ಬಾಯಿ ತೆರೆದಳು.

"ಒಳಗೆ ಹೋಗು" ಎಂದಳು ನಸೀಬಾ.

ಮುಂದಿನ ರಂಜಾನಿಗೆ ಮೊದಲೇ ಅವರು ಕುದ್ರೋಳಿ ಬಿಟ್ಟು ಕೊಡಿಯಾಲ್‌ಬೈಲಿನ ಒಂದು ಅಪಾರ್ಟ್‌ಮೆಂಟಿಗೆ ಬಂದರು. ಅಲ್ಲಿ ಯಾರಿಗೂ ಅವರ ಪರಿಚಯವಿಲ್ಲ. ಉಬೈದ್ ದಮ್ಮಾಮ್‌ಗೆ ಮರಳಿದ. ಶುಕ್ರವಾರಗಳಂದು ಫೋನ್ ಮಾಡುತ್ತಾನೆ, ಅವಳು ಎತ್ತುತ್ತಾಳೆ. ಶಿಹಾಬ್‌ನ ವಿಷಯ ಅವಳು ಯಾರ ಬಳಿಯೂ ಎತ್ತಲಿಲ್ಲ. ಅವನ ಮಾತು ಬರೀ ಒಳ್ಳೆಯತನದ್ದೇ ಇದ್ದಿರಬಹುದು. ಒಬ್ಬ ನಿರಪರಾಧಿಗೆ ಅವಳು ಹದಿನಾಲ್ಕು ವರ್ಷ ಶಿಕ್ಷೆ ಕೊಟ್ಟಾಗಿತ್ತು. ಇನ್ನೊಬ್ಬನಿಗೆ ಕೊಡುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ. ಹಾಗೆಂದು ಅವನನ್ನು ಮರೆಯಲೂ ಆಗಲಿಲ್ಲ. ಲಿಫ್ಟಿನಲ್ಲಿ ಗಂಡಸರು ಯಾರಾದರೂ ಮಕ್ಕಳನ್ನು ನೋಡಿ ನಕ್ಕರೆ ಅವಳು ಮುಂದಿನ ಮಹಡಿಯಲ್ಲೇ ಇಳಿದು, ಉಳಿದ ಮೆಟ್ಟಿಲುಗಳನ್ನು ಹತ್ತಿ ಹೋಗುತ್ತಾಳೆ.