ಪಟ್ಟಾ ಹರಿದ ದಿನ

ಈಗಿನ ಕಾರುಗಳು ಕೆಟ್ಟರೆ ಮುಖ ಗಂಟಿಕ್ಕಿಕೊಂಡು ಸುಮ್ಮನೆ ನಿಂತುಬಿಡುತ್ತವೆ. ಐವತ್ತರ ದಶಕದಲ್ಲಿ ಆದೋನಿಯ ನಮ್ಮ ಮನೆಯಲ್ಲಿದ್ದ ಪುಟ್ಟ ಕಾರು ಹಾಗಲ್ಲ. ಕೆಮ್ಮುತ್ತಿತ್ತು, ನರಳುತ್ತಿತ್ತು, ಹಬೆ ಬಿಡುತ್ತಿತ್ತು, ತನ್ನ ನೋವನ್ನು ಓಣಿಗೆಲ್ಲ ಹೇಳಿಕೊಳ್ಳುತ್ತಿತ್ತು. ಊರು ಬಿಟ್ಟು ಹೊರಟಿದ್ದ ಹತ್ತಿ ಬೀಜ ಬಿಡಿಸುವ ಜಿನ್ನಿನ ಮ್ಯಾನೇಜರರೊಬ್ಬರಿಂದ ನಮ್ಮ ಯಜಮಾನರು ಅದನ್ನು ಕೊಂಡಿದ್ದರು. ಅದನ್ನು ನೆನೆದರೆ ಇವತ್ತಿಗೂ ನನಗೆ ಹೊಟ್ಟೆಯೊಳಗಿಂದ ಪ್ರೀತಿ ಬರುತ್ತದೆ.

ಹಿಂದಿನ ಸೀಟಿನಲ್ಲಿ ಕೂತು ಕೂತು ಅದರ ರೋಗಗಳನ್ನೆಲ್ಲ ನಾನು ಕಲಿತಿದ್ದೆ. ಮುಂಜಾನೆ ಹ್ಯಾಂಡಲ್ ತಿರುಗಿಸಿದರೂ ಏಳದಿದ್ದರೆ ಪ್ಲಗ್ ಬಿಚ್ಚಿ ಮಸಿ ಉಜ್ಜಬೇಕು. ಏರಿನಲ್ಲಿ ತೊದಲಿದರೆ ಪೆಟ್ರೋಲು ಬರುವ ಕೊಳವೆಯಲ್ಲಿ ಕಸ ಸೇರಿದೆ ಎಂದರ್ಥ, ಬಿಚ್ಚಿ ಬಾಯಿಂದ ಊದಬೇಕು. ಸುಗ್ಗಿಯಲ್ಲಿ ಜಿನ್ನುಗಳ ಬೀದಿ ಹಾದುಬಂದರೆ ರೇಡಿಯೇಟರಿನ ಜಾಲರಿಗೆ ಅರಳೆ ಮೆತ್ತಿಕೊಂಡು ನೀರು ಕುದಿಯುತ್ತಿತ್ತು. ಕಸಬರಿಗೆಯ ಕಡ್ಡಿಯಿಂದ ಅದನ್ನು ಬಿಡಿಸುವ ಕೆಲಸ ನನ್ನದೇ. ಆದರೆ ನೀರು ಕುದಿಯುವಾಗಲೇ ಸ್ಟೇರಿಂಗಿನ ಮುಂದಿನ ಕೆಂಪು ದೀಪವೂ ಹತ್ತಿಕೊಂಡರೆ ಜಾಲರಿಯ ತಂಟೆಗೆ ಹೋಗಬಾರದು, ಮೊದಲು ಫ್ಯಾನು ತಿರುಗಿಸುವ ರಬ್ಬರ್ ಬೆಲ್ಟನ್ನು ನೋಡಬೇಕು. ರಿಪೇರಿ ಮೇಸ್ತ್ರಿ ಅದಕ್ಕೆ ಪಟ್ಟಾ ಅನ್ನುತ್ತಿದ್ದ. ಕೇಳಿ ಕೇಳಿ ಯಜಮಾನರೂ ನಾನೂ ಹಾಗೇ ಅನ್ನುತ್ತಿದ್ದೆವು. ಮನೆಯಲ್ಲಿ ಉಳಿದವರಿಗೆ ಪಟ್ಟಾ ಅಂದರೆ ಮಾವನವರ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಹೊಲದ ಕಾಗದ.

ಮಾವನವರಿಗೂ ಕಾರಿಗೂ ಎಣ್ಣೆ ಸೀಗೆಕಾಯಿ. ಒಂದು ದಿನವೂ ಅದರೊಳಗೆ ಕೂತವರಲ್ಲ. "ಎತ್ತು ಕುಂತ್ರ ಬಾಲ ತಿರುವಿ ಎಬ್ಬಸಬೌದು. ಇದು ಕುಂತ್ರ ಯಾವ ಬಾಲ ತಿರುವ್ಲಿ?" ಅನ್ನುತ್ತಿದ್ದರು. ಹೊಳಗುಂದದ ದಾರಿಯಲ್ಲಿ ಅದು ಕೂತು, ಎತ್ತು ಕಟ್ಟಿ ಎಳೆದು ತಂದ ದಿನ ಅವರು ಕಟ್ಟೆಯ ಮೇಲೆ ನಿಂತು ಹೇಳಿದರು: "ಇನ್ನೊಮ್ಮೆ ದಾರ್ಯಾಗ ಕುಂತಿದ್ದು ನನ್ನ ಕಿವಿಗೆ ಬಿದ್ರ ಮಾರಿಬಿಡ್ತೀನಿ." ಆಡಿದ ಮಾತು ತಪ್ಪುವ ಮನುಷ್ಯ ಅವರಲ್ಲ.

ಕಾರು ಹೋದರೆ ನನಗೆ ತವರು ದೂರವಾದಂತೆ. ನನ್ನ ತವರು ತುಂಗಭದ್ರೆಯ ದಂಡೆಯ ಮಾಧವರಂ. ಗಾಡಿ ಕಟ್ಟಿಸಿಕೊಂಡು ಹೋಗಿಬರಬೇಕೆಂದರೆ ದಿನಗಟ್ಟಲೆ ಹಿಡಿಯುತ್ತಿತ್ತು. ಸುಗ್ಗಿ, ಬಿತ್ತನೆ, ಬಾಣಂತನ ಅಂತ ಅತ್ತೆಯವರು ವರ್ಷಕ್ಕೊಮ್ಮೆ ಕಳಿಸಿದರೆ ಅದೇ ಹೆಚ್ಚು. ಕಾರು ಬಂದ ಮೇಲೆ ಮುಂಜಾನೆ ಹೋಗಿ ಸಂಜೆಗೆ ಬಂದುಬಿಡುತ್ತಿದ್ದೆ. ಆ ವರ್ಷ ನಮ್ಮ ಅವ್ವನ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. "ಮಾರಿ ಕಾಣಾತನಕ ಬಂದು ಹೋಗವಾ" ಎಂದು, ನನ್ನ ಮುಖ ಕಣ್ಣಿಗೆ ಕಾಣುತ್ತಿರುವಾಗಲೇ ಬರಲೆಂದು ಹೇಳಿಕಳಿಸಿದ್ದಳು. ಬರುವ ಸೋಮವಾರ ಹೋಗುವುದೆಂದು ಆಗಿತ್ತು.

ಅದರ ಮುಂಚಿನ ವಾರ ನಮ್ಮವರು ಕಾರು ತೆಗೆದುಕೊಂಡು ಆಸ್ಪರಿಗೆ ಹೊರಟರು. ಅಲ್ಲಿ ನಮ್ಮ ಹೊಲದ ಬದುವಿನ ಬಗ್ಗೆ ದಾಯಾದಿಗಳ ಜೊತೆ ತಕರಾರಿತ್ತು. ತೋರಿಸಲಿಕ್ಕೆಂದು ಪೆಟ್ಟಿಗೆಯಲ್ಲಿದ್ದ ಎರಡು ಹೊಲದ ಪಟ್ಟಾಗಳಲ್ಲಿ ಒಂದನ್ನು ಒಯ್ದಿದ್ದರು. ಬಿಸಿಲೇರುವ ಹೊತ್ತಿಗೆ ಆದೋನಿಯಲ್ಲಿ ಶೇಂಗಾ ಚೀಲ ಇಳಿಸಿ ಖಾಲಿ ಬಂಡಿಯಲ್ಲಿ ಆಸ್ಪರಿ ಕಡೆಯ ತನ್ನ ಊರಿಗೆ ಮರಳುತ್ತಿದ್ದ ತೆಲುಗಿನವನೊಬ್ಬ ನಮ್ಮ ಬಾಗಿಲಿಗೆ ಬಂದ. ಅಂಗಳದಲ್ಲಿ ಅತ್ತೆಯವರು ಇದ್ದರು, ನಾನು ಅಡುಗೆಮನೆಯ ಹೊಸ್ತಿಲಲ್ಲಿದ್ದೆ.

"ಅಮ್ಮಾ, ಪಟ್ಟಾ ತೆಗಿಪೋಯಿಂದಂಟ. ಇಂಟ್ಲೋ ಇಂಕೋಟಿ ಉಂದಂಟ, ತೆಮ್ಮನ್ನಾರು" ಅಂದ.

ಪಟ್ಟಾ ಹರಿದಿದೆ, ಮನೆಯಲ್ಲಿ ಇನ್ನೊಂದಿದೆ, ತರಹೇಳಿದ್ದಾರೆ. ಕಾರಿನ ಹೆಸರೆತ್ತಬೇಡ ಎಂದು ನಮ್ಮವರು ಅವನಿಗೆ ತಾಕೀತು ಮಾಡಿದ್ದರಂತೆ. ಜಾಣರೇ! ಆದರೆ ಆ ಜಾಣತನ ಎಲ್ಲಿಗೆ ಮುಟ್ಟಿತು ನೋಡಿ. ಅತ್ತೆಯವರು ಪೂಜೆಗೆ ಕೂತಿದ್ದ ಮಾವನವರ ಬಳಿ ಓಡಿ, "ಕೇಳಿದ್ರೇನ್ರಿ, ಹೊಲದ ಪಟ್ಟಾ ಹರದೈತಂತ" ಅಂದರು. 'ಹೊಲದ' ಅನ್ನುವುದು ಅವರ ಸ್ವಂತ ಒಗ್ಗರಣೆ.

ನನಗೆ ಆಗಲೇ ತಿಳಿದಿತ್ತು. ತೆಲುಗಿನಲ್ಲಿ ಕಾಗದ ಹರಿದರೆ 'ಚಿನಿಗಿಪೋಯಿಂದಿ' ಅನ್ನುತ್ತಾರೆ. 'ತೆಗಿಪೋಯಿಂದಿ' ಅನ್ನುವುದು ಹಗ್ಗಕ್ಕೆ, ದಾರಕ್ಕೆ, ಬೆಲ್ಟಿಗೆ. ಕನ್ನಡಕ್ಕೆ ಬಂದರೆ ಎರಡೂ ಹರಿಯುತ್ತವೆ.

ಮಾವನವರು ಹಣೆಯ ವಿಭೂತಿ ಆರುವ ಮೊದಲೇ ಹೊರಗೆ ಬಂದರು. "ಹರದ್ರಾ? ದಾಯಾದಿ ಮಕ್ಕಳು ಕೈ ಹಾಕಿರಬೇಕು. ತಡಿ, ನಾನ ಹೋಗ್ತೀನಿ." ಪೆಟ್ಟಿಗೆಯಿಂದ ಉಳಿದ ಪಟ್ಟಾ ತೆಗೆದು ವಸ್ತ್ರದಲ್ಲಿ ಸುತ್ತಿ ಎದೆಗೆ ಅವಚಿಕೊಂಡರು.

ಅತ್ತ ದರಿ, ಇತ್ತ ಪುಲಿ. ಅದು ಕಾರಿನ ಪಟ್ಟಾ ಎಂದರೆ ಮುದುಕರ ಎದೆ ಹಗುರಾಗುತ್ತದೆ, ಕಾರು ಹೋಗುತ್ತದೆ. ಸುಮ್ಮನಿದ್ದರೆ ಅವರೇ ಹೋಗಿ ಕಣ್ಣಾರೆ ನೋಡುತ್ತಾರೆ. ಇನ್ನು ನನ್ನ ಕೈಯಲ್ಲಿದ್ದದ್ದು ಇಷ್ಟೇ: ಅವರ ಸಿಟ್ಟು ಏಳುವ ಮೊದಲು ಕಾರು ಏಳಬೇಕು. ನಮ್ಮ ಕೋಣೆಯ ಅಲಮಾರದಿಂದ ಹೊಸ ಬೆಲ್ಟು ತಂದು ಸುರುಳಿ ಸುತ್ತಿ, ಬುತ್ತಿಯಲ್ಲಿ ಜೋಳದ ರೊಟ್ಟಿಗಳ ನಡುವೆ ಇಟ್ಟು, ಮೇಲೆ ನಂಚಿಕೊಳ್ಳುವ ಶೇಂಗಾ ಹಿಂಡಿಯ ಗಂಟು ಇಟ್ಟು ಕಟ್ಟಿದೆ. ಬಂಡಿಯವನಿಗೆ ಕೊಡುವಾಗ ಮೆಲ್ಲಗೆ, "ಮುಂದು ಸದ್ದಿ ಆಯನಕಿಯ್ಯಿ, ತರ್ವಾತೇ ಮಾಟ" ಅಂದೆ. ಮೊದಲು ಬುತ್ತಿ ನಮ್ಮವರ ಕೈಗೆ ಕೊಡು, ಮಾತು ಆಮೇಲೆ. ಅವನು ತಲೆಯಾಡಿಸಿದ. ಮಾವನವರು ಬಂಡಿ ಹತ್ತಿದರು.

ಆ ಮಧ್ಯಾಹ್ನ ಅತ್ತೆಯವರು ದೇವರ ಮುಂದೆ ತುಪ್ಪದ ದೀಪ ಹಚ್ಚಿ ಹೊಲಕ್ಕಾಗಿ ಬೇಡಿಕೊಂಡರು. ನಾನು ಅದೇ ದೀಪಕ್ಕೆ ಕೈಮುಗಿದು ಕಾರಿಗಾಗಿ ಬೇಡಿಕೊಂಡೆ.

ಅಲ್ಲಿ ನಡೆದದ್ದನ್ನು ನಮ್ಮವರು ಆಮೇಲೆ ಹೇಳಿದರು. ಆಸ್ಪರಿ ದಾರಿಯ ಜಾಲಿ ಮರದ ಕೆಳಗೆ ಬಾನೆಟ್ ತೆರೆದು ಕೂತಿದ್ದಾರೆ, ಬಂಡಿಯಿಂದ ಅಪ್ಪ ಇಳಿದಿದ್ದಾರೆ. "ಯಾರಲೇ ಹರದಾವ್ರು?" ಎಂದು ಮಾವನವರು ಬಾಯಿ ತೆಗೆಯುವಷ್ಟರಲ್ಲಿ ಬಂಡಿಯವನು ನಡುವೆ ಬುತ್ತಿ ಚಾಚಿದನಂತೆ. ಗಂಟು ಬಿಚ್ಚಿ ರೊಟ್ಟಿ ಎತ್ತಿದರೆ ಕೆಳಗೆ ಕರೀ ಸುರುಳಿ. ಹಾವೆಂದು ಮಾವನವರು ಹಿಂದೆ ಸರಿದರಂತೆ. ಇನ್ನು ಮುಚ್ಚಿಡುವುದೇನಿದೆ, ನಮ್ಮವರು ಇದ್ದದ್ದನ್ನು ಹೇಳಿಬಿಟ್ಟರು: ಹೊಲದ ಪಟ್ಟಾ ನೆಟ್ಟಗಿದೆ, ಹರಿದದ್ದು ಇದು.

"ಇದನ್ನ ಕಟ್ಟಿದಾಕಿ ಯಾರು?"

"ನಿಮ್ಮ ಸೊಸಿ."

"ಆಕಿಗೆ ಹೆಂಗ ತಿಳೀತು?"

"ಗಾಡಿ ರೋಗ ಆಕಿಗೆ ನನಗಿಂತ ಚಲೋ ತಿಳೀತೈತಿ."

ನಮ್ಮವರು ಡೈನಮೋ ಸಡಿಲಿಸಿ, ಹೊಸ ಬೆಲ್ಟು ಏರಿಸಿ, ಹೆಬ್ಬೆರಳಿಂದ ಒತ್ತಿ ಬಿಗಿ ನೋಡಿ, ರೇಡಿಯೇಟರಿಗೆ ನೀರು ಹುಯ್ದರು. ಹ್ಯಾಂಡಲ್ ತಿರುಗಿಸಿದ್ದೇ ತಡ ಕಾರು ಎದ್ದಿತು. "ಇಷ್ಟೇನಾ?" ಎಂದು ಕೇಳಿದ ಮಾವನವರು, ಹೊಲದ ಪಟ್ಟಾ ತೊಡೆಯ ಮೇಲಿಟ್ಟುಕೊಂಡು ಮೊಟ್ಟಮೊದಲ ಸಲ ಆ ಕಾರಿನಲ್ಲಿ ಕೂತರು. ಹೊತ್ತು ಇಳಿಯುವಾಗ ಓಣಿಯಲ್ಲಿ ಹಾರ್ನ್ ಕೇಳಿ ನಾನು ಹೊರಗೆ ಬಂದೆ. ಅವರು ನನ್ನತ್ತ ನೋಡದೆ ಕೈಕಾಲು ತೊಳೆದು ಊಟಕ್ಕೆ ಕೂತರು.

ನಾನು ರೊಟ್ಟಿ ಬಡಿಸಿ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ನಿಂತೆ. ಮಾವನವರು ರೊಟ್ಟಿಯ ಅಂಚು ಎತ್ತಿ ಕೆಳಗೆ ಬಗ್ಗಿ ನೋಡಿದರು.

"ಇದರ ಬುಡಕ ಏನೂ ಇಲ್ಲಲ್ಲವಾ?"

ನನಗೆ ನಗುವೂ ಬಂತು, ಅಳುವೂ ಬಂತು. ಅವರು ರೊಟ್ಟಿ ಮುರಿಯುತ್ತ, "ಸೋಮಾರ ಮಾಧವರಕ್ಕ ಹೋಗಾಗ ಇನ್ನೊಂದು ಪಟ್ಟಾ ತರಿಸಿ ಗಾಡ್ಯಾಗ ಇಟ್ಕೋ. ಹೊಲದ್ದಲ್ಲ" ಅಂದರು.

"ಮತ್ಯಾವ್ದು?" ಅತ್ತೆಯವರು ಕೇಳಿದರು. ನಾನು ಮಾವನವರಿಗೆ ಇನ್ನೊಂದು ರೊಟ್ಟಿ ಬಡಿಸಿದೆ.

ಸೋಮವಾರ ಹೋದೆ. ಅವ್ವ ನನ್ನ ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. "ಮೂಗಬಟ್ಟು ಹೊಳೀತೈತಿ. ಮಾರಿನೂ ಕಾಣ್ತೈತವಾ" ಅಂದಳು. ದೀಪಾವಳಿಗೆ ಹೋದಾಗ ಅವಳಿಗೆ ಮೂಗುಬಟ್ಟು ಮಾತ್ರ ಕಂಡಿತು.