ಅತ್ತೆಯ ಹಿತ್ತಲಿನ ಜೋಡಿಗಿಡಗಳು

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಯಾರ ಕೈಯನ್ನೂ ಹಿಡಿದು ನಡೆದವಳಲ್ಲ. ಅಚ್ಚುಕೂಟದಲ್ಲಿ ಪುಸ್ತಕ ಹೊಲಿಯುವುದು ಅವಳ ಕೆಲಸವಾಗಿತ್ತು. ಪ್ರಾಯವೆಲ್ಲ ಅಲ್ಲೇ ಕಳೆಯಿತು. ಕಣ್ಣಿನ ನರ ಒಣಗುತ್ತ ಬಂದಾಗ ಮೊದಲು ಸೂಜಿಯ ಕಣ್ಣು ಮಾಯವಾಯಿತು, ಆಮೇಲೆ ಪುಟದ ಅಂಚು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಗೋಡೆ ಸವರಿಕೊಂಡು ತಾನೇ ಓಡಾಡುತ್ತಿದ್ದಳು. ನಾನು ತೋಳು ಹಿಡಿಯಲು ಹೋದರೆ ಕೊಡವಿಬಿಡುವಳು.

"ನಾನೇನು ದನಾನಾ, ಸಂತೆಗೆ ಹೊಡ್ಕೊಂಡು ಹೋಗೋಕೆ?"

ಹಿತ್ತಲಿನಲ್ಲಿ ಸವರಲು ಗೋಡೆಯಿಲ್ಲ. ಆದರೂ ಅಲ್ಲಿ ಅವಳು ಮನೆಯೊಳಗಿಗಿಂತ ಚುರುಕು. ಪಕ್ಕದಲ್ಲೇ ಇದ್ದ ನಮ್ಮ ಮನೆಯ ಕಿಟಕಿಯಿಂದ ದಿನವೂ ನೋಡುತ್ತಿದ್ದೆ. ಬುಟ್ಟಿ ಸೊಂಟಕ್ಕಿಟ್ಟುಕೊಂಡು ಇಳಿದಳೆಂದರೆ ಅಡುಗೆಗೆ ಬೇಕಾದ್ದನ್ನೆಲ್ಲ ಕಿತ್ತು ತರುವಳು. ಒಂದೇ ಬೆಳೆಯ ಮಡಿ ಅಲ್ಲಿ ಹುಡುಕಿದರೂ ಇರಲಿಲ್ಲ. ಟೊಮೆಟೊ ಪಕ್ಕ ಚೆಂಡುಹೂ, ಕ್ಯಾರೆಟ್ ನಡುವೆ ಈರುಳ್ಳಿ, ಜೋಳದ ದಂಟಿಗೆ ಹಬ್ಬಿದ ಹುರುಳಿಕಾಯಿ ಬಳ್ಳಿ, ಅದರ ಬುಡದಲ್ಲಿ ನೆಲ ತುಂಬಿದ ಕುಂಬಳ. ಕೇಳಿದರೆ, "ಹುಳ ವಾಸನೆ ಹಿಡ್ಕೊಂಡು ಬರುತ್ತೆ. ಎರಡು ವಾಸನೆ ಬೆರೆಸಿಟ್ರೆ ಅದಕ್ಕೆ ದಾರಿ ತಪ್ಪುತ್ತೆ" ಅನ್ನುವಳು.

ಅತ್ತೆಯ ಗಂಡ, ನಮ್ಮ ಮಾವನಿಗೆ ಇದನ್ನೆಲ್ಲ ನೋಡಿದರೆ ತಲೆ ಕೆಡುತ್ತಿತ್ತು. ಅವರದು ಹಾರ್ಡ್‌ವೇರ್ ಅಂಗಡಿ. ಮೊಳೆಯ ಡಬ್ಬಿಯಲ್ಲಿ ಒಂದು ಸ್ಕ್ರೂ ಸಿಕ್ಕಿದರೆ ಅವತ್ತು ಅವರಿಗೆ ಊಟ ಸೇರುವುದಿಲ್ಲ. ಮನೆಯಲ್ಲಿ ಚಮಚಗಳನ್ನೂ ಉದ್ದ ನೋಡಿ ಜೋಡಿಸಿಡುವ ಮಹಾನುಭಾವ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಸಂಸಾರ.

ಒಂದು ಬೆಳಿಗ್ಗೆ ಕುಂಬಳದ ಬಳ್ಳಿ ಕಾಲಿಗೆ ತೊಡರಿ ಅತ್ತೆ ಬಿದ್ದಳು. ಮೊಣಕಾಲು ತರಚಿತು, ಅಷ್ಟೆ. ಆದರೆ ಮಾವನ ಎದೆ ಒಡೆದುಹೋಯಿತು. ಮಾರನೆಯ ವಾರ ತಂಗಿಗೆ ಹುಷಾರಿಲ್ಲವೆಂದು ಅತ್ತೆ ಅವಳ ಮನೆಗೆ ಹೋದದ್ದೇ ತಡ, ಎಂದೂ ಅಂಗಡಿ ಮುಚ್ಚದ ಮನುಷ್ಯ ಬೀಗ ಹಾಕಿ ಹಿತ್ತಲಿಗೆ ಇಳಿದರು. ಚೆಂಡುಹೂ ಕಿತ್ತು ಬೇಲಿಯ ಬದಿಗೆ ಎಸೆದರು. ಟೊಮೆಟೊಗೆ ಒಂದು ಮಡಿ, ಈರುಳ್ಳಿಗೆ ಒಂದು, ಕುಂಬಳ ಮೂಲೆಗೆ. ನಡುವೆ ಇಟ್ಟಿಗೆ ಹಾಸಿದ ನೇರ ದಾರಿ.

ಅತ್ತೆ ಬಂದ ದಿನ ನಾನೂ ಅಲ್ಲಿದ್ದೆ. ಮಾವನ ಮುಖದಲ್ಲಿ ಸಂಭ್ರಮ ಹಿಡಿಸುತ್ತಿರಲಿಲ್ಲ.

"ಬಾರೇ, ಇನ್ಮೇಲೆ ನಿಂಗೆ ಎಡವೋ ಭಯ ಇಲ್ಲ."

ಅವಳು ಇಳಿದಳು. ಇಟ್ಟಿಗೆಯ ಮೇಲೆ ಸ್ವಲ್ಪ ದೂರ ನಡೆದು ನಿಂತಳು. ಬಗ್ಗಿ ಕೈಯಾಡಿಸಿದರೆ ಬರೀ ಮಣ್ಣು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು, ಮನೆಗೆಂದು ಹೊರಟು ಬೇಲಿಯ ಕಡೆ ನಡೆದಳು. ತಂತಿ ಕೈಗೆ ತಾಗಿದಾಗ ಅವಳ ಬಾಯಿಂದ ನಾನೆಂದೂ ಕೇಳದ ದನಿ ಬಂತು.

"ರೀ, ನಾನು ಎಲ್ಲಿದೀನಿ?"

ಮಾವ ಓಡಿದರು. ಕರೆತಂದು ಮೆಟ್ಟಿಲ ಮೇಲೆ ಕೂರಿಸಿದರು. ಅತ್ತೆ ಹೇಳಿದಳು: "ಚೆಂಡುಹೂ ಘಮ ಬಂದ್ರೆ ಟೊಮೆಟೊ. ಅಲ್ಲಿಂದ ಬಲಕ್ಕೆ ಈರುಳ್ಳಿ ವಾಸನೆ. ಕಾಲಿಗೆ ಕುಂಬಳದೆಲೆ ಒರಟಾಗಿ ತಾಗಿದ್ರೆ ಮುಂದೆ ಜೋಳ, ನಿಲ್ಬೇಕು. ಅದೇ ಕಣ್ರೀ ನನ್ನ ದಾರಿ."

"ಮೊದಲೇ ಹೇಳೋಕೇನಾಗಿತ್ತೇ?"

"ಹೇಳಿದ್ರೆ, ನಂಗೆ ಏನೂ ಕಾಣಲ್ಲ ಅನ್ನೋದನ್ನೂ ಹೇಳ್ಬೇಕಿತ್ತಲ್ಲ."

ಅಲ್ಲಿಯವರೆಗೆ ನಾವೆಲ್ಲ ಅವಳಿಗೆ ಮಬ್ಬುಮಬ್ಬಾಗಿಯಾದರೂ ಕಾಣುತ್ತದೆ ಅಂದುಕೊಂಡಿದ್ದೆವು. ಮಾವ ಎದ್ದು ಹೋಗಿ ಇಟ್ಟಿಗೆ ಕೀಳತೊಡಗಿದರು.

ಮತ್ತೆ ನೆಟ್ಟದ್ದಾಯಿತು. ಅತ್ತೆ ಸ್ಟೂಲಿನ ಮೇಲೆ ಕೂತು ಯಾವುದರ ಪಕ್ಕ ಯಾವುದು ಎಂದು ಹೇಳುವುದು, ಮಾವ ಹೊಸ ಸಸಿ ಊರುವುದು. ಆದರೆ ಎಳೆ ಸಸಿಗೆ ಘಮವೆಲ್ಲಿಂದ ಬರಬೇಕು? ಅವು ಬೆಳೆಯುವವರೆಗೂ ಅತ್ತೆ ಮಾವನ ಕೈ ಹಿಡಿದೇ ಇಳಿಯಬೇಕಾಯಿತು. ಮೊದಮೊದಲು ಅವಳ ಬೆರಳು ಕಟ್ಟಿಗೆಯಂತೆ ಸೆಟೆದಿರುತ್ತಿದ್ದವು. ಆಮೇಲಾಮೇಲೆ ಇಬ್ಬರೂ ದಾರಿಯುದ್ದಕ್ಕೂ ಜಗಳವಾಡುವುದು ನನಗೆ ಕೇಳಿಸುತ್ತಿತ್ತು. ಮದುವೆಯಾದಂದಿನಿಂದ ಅವರು ಅಷ್ಟು ಹೊತ್ತು ಜೊತೆಯಲ್ಲಿ ಇದ್ದದ್ದೇ ಇಲ್ಲ. ಮಾವ ಅಂಗಡಿಗೆ ತಡವಾಗಿ ಹೋಗುವುದು ರೂಢಿಯಾಯಿತು.

ಚೆಂಡುಹೂ ಅರಳಿದ ಬೆಳಿಗ್ಗೆ ಅತ್ತೆ ಟೊಮೆಟೊ ಮುಂದೆ ನಿಂತು ಉಸಿರೆಳೆದುಕೊಂಡಳು.

"ಸಾಕು ರೀ. ಇನ್ನು ಕೈ ಬಿಡಿ."

"ಇನ್ನೊಂದು ವಾರ ಇರ್ಲಿ ಕಣೇ. ಗಿಡ ಇನ್ನೂ ಚಿಕ್ಕವು."

ಅವಳು ಇನ್ನೊಂದು ಕೈಯಿಂದ ಅವರ ಮುಂಗೈಯನ್ನು ಸವರಿದಳು.

"ನಿಮ್ಗೆ ಕೈ ಬಿಡೋಕೆ ಮನಸ್ಸಿಲ್ಲ ಅಂತ ನಂಗೂ ಗೊತ್ತಾಗುತ್ತೆ ರೀ. ಆದ್ರೂ ಬಿಡಿ."

ಮಾವ ಬಿಟ್ಟರು. ಅತ್ತೆ ಬಲಕ್ಕೆ ತಿರುಗಿ ಈರುಳ್ಳಿಯ ಹತ್ತಿರ ಹೋದಳು, ಕುಂಬಳದೆಲೆ ತಾಗುತ್ತಲೇ ನಿಂತಳು, ಕಾಯಿ ತಡಕಿದಳು. ಎಲ್ಲೂ ಎಡವಲಿಲ್ಲ. ಮಾವ ನಿಂತಲ್ಲೇ ನಿಂತು ಅಳುತ್ತಿದ್ದರು. ಅವಳು ತಮ್ಮ ಕಡೆ ಮುಖ ತಿರುಗಿಸಿದಾಗಲೆಲ್ಲ, ಅವಳಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ, ಬೇಗಬೇಗ ಕಣ್ಣೊರೆಸಿಕೊಳ್ಳುತ್ತಿದ್ದರು.